ಒಬ್ಬ ಆಸಾಮಿ ಕಮ್ಮಿ

ಬ್ಯಾಂಕಿನಲ್ಲಿ 32 ವರ್ಷ ಲೆಕ್ಕ ಟ್ಯಾಲಿ ಮಾಡಿದವನು ನಾನು. ಭಾನುವಾರ ಬಂದರೆ ದಾವಣಗೆರೆಯ ಮೈದಾನದಲ್ಲಿ ಕ್ರಿಕೆಟ್ ಸ್ಕೋರರ್. ಹಾಗಾಗಿ ಮಗ ಸ್ಯಾನ್ ಫ್ರಾನ್ಸಿಸ್ಕೋದ ಒರಾಕಲ್ ಪಾರ್ಕಿಗೆ ಬೇಸ್‌ಬಾಲ್ ನೋಡಲು ಕರೆದುಕೊಂಡು ಹೋದಾಗ, ಆಟಕ್ಕಿಂತ ಮೊದಲು ನನ್ನ ಕಣ್ಣಿಗೆ ಬಿದ್ದದ್ದು ಸ್ಕೋರ್‌ಕಾರ್ಡ್.

"ಅಪ್ಪ, ಸುಮ್ನೆ ಆಟ ನೋಡಿ" ಅಂದ ಮಗ. ಕೇಳುವವರು ಯಾರು?

ಪಕ್ಕದ ಸೀಟಿನಲ್ಲಿ ಒಬ್ಬ ಅಮೆರಿಕನ್ ಅಜ್ಜಿ ಪೆನ್ಸಿಲ್ ಹಿಡಿದು ಕೂತಿದ್ದರು. ನನ್ನ ಕಷ್ಟ ನೋಡಿ ಪಾಠ ಶುರು ಮಾಡಿದರು. ಪ್ರತಿ ಆಟಗಾರನಿಗೂ ಅವನ ಜಾಗದ ನಂಬರು. ಪಿಚರ್ 1, ಕ್ಯಾಚರ್ 2, ಮೊದಲ ಬೇಸ್‌ನವನು 3, ಎರಡನೆಯವನು 4, ಮೂರನೆಯವನು 5. ಎರಡು, ಮೂರರ ನಡುವೆ ನಿಲ್ಲುವ ಶಾರ್ಟ್‌ಸ್ಟಾಪ್ ಮಾತ್ರ 6! ನಮ್ಮ ಬಡಾವಣೆಯ ಮನೆ ನಂಬರಿನ ಹಾಗೆ. ಶಾರ್ಟ್‌ಸ್ಟಾಪ್ ಚೆಂಡು ಹಿಡಿದು ಎರಡನೇ ಬೇಸ್‌ಗೆ ಕೊಟ್ಟು, ಅವನು ಮೊದಲ ಬೇಸ್‌ಗೆ ಎಸೆದು ಇಬ್ಬರನ್ನು ಔಟ್ ಮಾಡಿದರೆ 6-4-3. ಅಷ್ಟು ದೊಡ್ಡ ಗಲಾಟೆ, ಮೂರೇ ಅಂಕೆ.

ಸ್ಟ್ರೈಕ್‌ಔಟ್, ಅಂದರೆ ಮೂರು ಸ್ಟ್ರೈಕ್ (ಹೊಡೆಯಲು ತಪ್ಪಿದ ಎಸೆತ) ಬಿದ್ದು ಔಟ್ ಆದರೆ 'ಕೆ'. ಯಾಕೆ 'ಎಸ್' ಅಲ್ಲ? ಅದನ್ನು ಸ್ಯಾಕ್ರಿಫೈಸ್‌ಗೆ, ಅಂದರೆ ತಾನು ಔಟಾಗಿ ಜೊತೆಗಾರನನ್ನು ಮುಂದಕ್ಕೆ ದಾಟಿಸುವ ಹೊಡೆತಕ್ಕೆ, ಕೊಟ್ಟಾಗಿತ್ತಂತೆ. ಅದಕ್ಕೇ 'ಸ್ಟ್ರಕ್' ಪದದ ಕೊನೆಯ ಅಕ್ಷರ ಹಿಡಿದರಂತೆ. ಈ ಬರವಣಿಗೆಗೆ ರೂಪ ಕೊಟ್ಟ ಹೆನ್ರಿ ಚಾಡ್ವಿಕ್ ಇಂಗ್ಲೆಂಡಿನಲ್ಲಿ ಹುಟ್ಟಿ, ಮೊದಲು ಕ್ರಿಕೆಟ್ ವರದಿ ಮಾಡುತ್ತಿದ್ದವನು. ನಮ್ಮವನೇ ಅಲ್ವಾ ಅಂತ ನನಗೆ ಧೈರ್ಯ ಬಂತು. ಬ್ಯಾಟು ಬೀಸದೆ ನಿಂತೇ ಮೂರನೇ ಸ್ಟ್ರೈಕ್ ತಿಂದರೆ 'ಕೆ'ಯನ್ನು ಉಲ್ಟಾ ಬರೆಯಬೇಕು. ಹತ್ತರಲ್ಲಿ ಏಳು ಸಲ ಸೋತು ಮೂರು ಸಲ ಹಿಟ್ ಹೊಡೆದವನು ಇವರಿಗೆ ಸ್ಟಾರ್. ನಮ್ಮ ಮ್ಯಾನೇಜರಿಗೆ ಇದನ್ನು ಯಾರೂ ಹೇಳಿರಲಿಲ್ಲ.

ಆರನೇ ಇನ್ನಿಂಗ್ಸ್‌ನಲ್ಲಿ ಗಾರ್ಲಿಕ್ ಫ್ರೈಸ್ ತರಲು ಹೋದೆ. ಕ್ಯೂ ನಮ್ಮ ರೇಷನ್ ಅಂಗಡಿಯದಕ್ಕಿಂತ ಉದ್ದ. ವಾಪಸ್ ಬಂದಾಗ ಮೂರು ಔಟ್ ಮುಗಿದಿದ್ದವು. ಯಾಂಕೀಸ್ ತಂಡದ ಹಳೆಯ ಶಾರ್ಟ್‌ಸ್ಟಾಪ್, ಆಮೇಲೆ ಕಾಮೆಂಟೇಟರ್ ಆದ ಫಿಲ್ ರಿಝುಟೊ ಇಂಥ ಹೊತ್ತಿನಲ್ಲಿ ಕಾರ್ಡಿನಲ್ಲಿ 'ಡಬ್ಲ್ಯು ಡಬ್ಲ್ಯು' ಅಂತ ಬರೆಯುತ್ತಿದ್ದನಂತೆ. ಅಂದರೆ 'ವಾಸಂಟ್ ವಾಚಿಂಗ್', ನಾನು ನೋಡ್ತಾ ಇರಲಿಲ್ಲ ಅಂತ. ಬ್ಯಾಂಕಿನವನಿಗೆ ಅದು ಒಗ್ಗುತ್ತದೆಯೇ? ಅಜ್ಜಿಯ ಕಾರ್ಡ್ ನೋಡಿ ಕಾಪಿ ಹೊಡೆದೆ. ಅಷ್ಟರಲ್ಲಿ ಮೊಮ್ಮಗ ಸಾಸಿವೆ ಸಾಸ್ ಬಳಿದ ಪ್ರೆಟ್ಜೆಲ್ (ಗಂಟು ಹಾಕಿದ ಹಾಗಿರುವ ಬ್ರೆಡ್ಡು) ಹಿಡಿದು ಮೈಮೇಲೆ ಬಿದ್ದ. ನಮ್ಮಲ್ಲಿ ಸಾಸಿವೆ ಅಂದರೆ ಒಗ್ಗರಣೆಯಲ್ಲಿ ಚಟಪಟ ಅನ್ನುವ ಕಾಳು. ಅಲ್ಲಿ ಅದು ಹಳದಿ ಪೇಂಟು. ಕಾರ್ಡಿಗೂ ಬಿತ್ತು, ಪಂಚೆ ಬಿಟ್ಟು ಹಾಕಿಕೊಂಡಿದ್ದ ಹೊಸ ಪ್ಯಾಂಟಿಗೂ ಬಿತ್ತು.

ರಾತ್ರಿ ಮನೆಯಲ್ಲಿ ಟ್ಯಾಲಿಗೆ ಕೂತೆ. ಬೇಸ್‌ಬಾಲ್‌ನಲ್ಲಿ ಇದಕ್ಕೊಂದು ಚಂದದ ಲೆಕ್ಕವಿದೆ. ಬ್ಯಾಟಿಂಗಿಗೆ ಬಂದವನು ಒಂದೋ ರನ್ ಆಗಬೇಕು, ಇಲ್ಲ ಔಟ್ ಆಗಬೇಕು, ಇಲ್ಲ ಬೇಸ್ ಮೇಲೆ ಉಳಿಯಬೇಕು. ಬೇರೆ ಗತಿ ಇಲ್ಲ. ಹೊರಗಿನ ತಂಡದ ಒಂಬತ್ತು ಜನವೂ ಸರಿಯಾಗಿ ನಾಲ್ಕು ನಾಲ್ಕು ಸಲ ಬಂದಿದ್ದರು. 36. ರನ್ 3, ಔಟ್ 27, ಬೇಸ್ ಮೇಲೆ ಉಳಿದವರು 5. ಒಟ್ಟು 35.

ಒಬ್ಬ ಆಸಾಮಿ ಕಮ್ಮಿ!

ಮೂರು ಸಲ ಕೂಡಿಸಿದೆ. ಗಂಟೆ ಹನ್ನೆರಡು ದಾಟಿತು. ಹಿಂದೆ ಐದು ಪೈಸೆ ಡಿಫರೆನ್ಸ್ ಹುಡುಕುತ್ತಾ ಕೊನೆಯ ಬಸ್ ತಪ್ಪಿಸಿಕೊಂಡಿದ್ದೆಲ್ಲ ನೆನಪಾಯಿತು. ನೀರು ಕುಡಿಯಲು ಬಂದ ಮಗ ನನ್ನನ್ನು ನೋಡಿ ತಿರುಗಿ ಹೋದ. ಹೆಂಡತಿ ಬಂದು ಕಾರ್ಡನ್ನು ದೀಪಕ್ಕೆ ಹಿಡಿದಳು.

"ರೀ, ಈ ಸಾಸಿವೆ ಕೆಳಗೆ ಏನೋ ಇದೆ ನೋಡಿ."

ಉಗುರಿನಿಂದ ಕೆರೆದೆ. ಹೌದು, ಆರನೇ ಇನ್ನಿಂಗ್ಸ್. ವಾಕ್, ಅಂದರೆ ನಾಲ್ಕು ಕೆಟ್ಟ ಎಸೆತಕ್ಕೆ ಪುಕ್ಕಟೆ ಬೇಸ್, ಸಿಕ್ಕಿ ಹತ್ತಿದವನು. ಪಾಪ, ಅಷ್ಟು ಹೊತ್ತೂ ಎರಡನೇ ಬೇಸ್ ಮೇಲೇ ನಿಂತಿದ್ದ.