ತಪ್ಪು ಮಾಡಿದಾಗ ಮಾತ್ರ ಕಣ್ಣಿಗೆ ಬೀಳುತ್ತದಾ ನಿಮ್ಮ ನಾಯಿ?

ನಾಯಿ ತನ್ನ ಪಾಡಿಗೆ ಮೂಲೆಯಲ್ಲಿ ಮಲಗಿದ್ದರೆ ಮನೆಯಲ್ಲಿ ಯಾರೂ ಅದರ ಕಡೆ ನೋಡುವುದಿಲ್ಲ. ಅದೇ ನಾಯಿ ಚಪ್ಪಲಿ ಕಚ್ಚಿಕೊಂಡು ಓಡಿದರೆ ಮನೆಮಂದಿಯೆಲ್ಲ ಎದ್ದು ಹಿಂದೆ ಬೀಳುತ್ತಾರೆ. ನಾಯಿಯ ಲೆಕ್ಕದಲ್ಲಿ ಇದಕ್ಕಿಂತ ಒಳ್ಳೆಯ ಆಟ ಇನ್ನೊಂದಿಲ್ಲ. ಆಮೇಲೆ ‘ಎಷ್ಟು ಹೇಳಿದರೂ ಇದಕ್ಕೆ ಬುದ್ಧಿ ಬರಲ್ಲ’ ಅಂತ ನಾವೇ ಬೈಯುತ್ತೇವೆ. ಅದಕ್ಕೆ ಬುದ್ಧಿ ಚೆನ್ನಾಗಿಯೇ ಇದೆ. ಏನು ಮಾಡಿದರೆ ಇವರು ನನ್ನ ಕಡೆ ತಿರುಗುತ್ತಾರೆ ಅನ್ನುವುದನ್ನು ಅದು ನಮ್ಮಿಂದಲೇ ಕಲಿತಿದೆ.

ಕ್ಲಿಕ್ಕರ್ ತರಬೇತಿಯ ಬಗ್ಗೆ ನಾನು ಸಿಕ್ಕವರಿಗೆಲ್ಲ ಹೇಳುವುದು ಇದೇ ಕಾರಣಕ್ಕೆ. ಕ್ಲಿಕ್ಕರ್ ಅಂದರೆ ಬೆರಳಿನಷ್ಟು ಉದ್ದದ ಪ್ಲಾಸ್ಟಿಕ್ ಡಬ್ಬಿ. ಒತ್ತಿದರೆ ಒಳಗಿನ ತಗಡು ಬಾಗಿ ‘ಟಿಕ್’ ಅನ್ನುತ್ತದೆ. ಅಷ್ಟೇ ಅದರ ಕೆಲಸ. ಆದರೆ ಅದನ್ನು ಕೈಯಲ್ಲಿ ಹಿಡಿದ ದಿನದಿಂದ ನಮ್ಮ ನೋಟ ಬದಲಾಗುತ್ತದೆ. ತಪ್ಪು ಹುಡುಕುತ್ತಿದ್ದ ಕಣ್ಣು, ಪ್ರಾಣಿ ಸರಿಯಾದದ್ದನ್ನು ಯಾವಾಗ ಮಾಡುತ್ತದೆ ಅಂತ ಕಾಯಲು ಶುರು ಮಾಡುತ್ತದೆ.

ಹೇಗೆ ಕೆಲಸ ಮಾಡುತ್ತದೆ ಅಂತ ಹೇಳುತ್ತೇನೆ. ಮೊದಲು ಸುಮ್ನೆ ಕ್ಲಿಕ್ ಮಾಡಿ, ತಕ್ಷಣ ಒಂದು ಚೂರು ತಿಂಡಿ ಕೊಡಬೇಕು. ನಾಯಿ ಏನೂ ಮಾಡಬೇಕಾಗಿಲ್ಲ. ಹತ್ತು ಹದಿನೈದು ಸಲ ಹೀಗೆ ಮಾಡುವಷ್ಟರಲ್ಲಿ, ಸದ್ದು ಕೇಳಿದ ಕೂಡಲೇ ಅದು ತಿಂಡಿಗಾಗಿ ತಲೆ ತಿರುಗಿಸುತ್ತದೆ. ಪಾವ್ಲೋವ್ ನಾಯಿಗಳ ಜೊಲ್ಲಿನ ಪ್ರಯೋಗ ಶಾಲೆಯಲ್ಲಿ ಓದಿದ್ದೇವಲ್ಲ, ಅದೇ ಇದು. ಇನ್ನು ಮುಂದೆ ಆ ಸದ್ದಿಗೆ ಅರ್ಥ ಒಂದೇ: ‘ಈಗ ಮಾಡಿದೆಯಲ್ಲ, ಅದಕ್ಕೆ ನಿನಗೆ ತಿಂಡಿ ಇದೆ.’

‘ಈಗ’ ಅನ್ನುವುದರಲ್ಲೇ ಎಲ್ಲ ಇದೆ. ನಾಯಿ ಕೂತಿತು ಅಂದುಕೊಳ್ಳಿ. ನೀವು ಜೇಬಿಗೆ ಕೈ ಹಾಕಿ, ತಿಂಡಿ ಹುಡುಕಿ, ಬಗ್ಗಿ ಕೊಡುವಷ್ಟರಲ್ಲಿ ಅದು ಎದ್ದು ನಿಂತಿರುತ್ತದೆ. ಅದರ ಪಾಲಿಗೆ ತಿಂಡಿ ಸಿಕ್ಕಿದ್ದು ಎದ್ದು ನಿಂತದ್ದಕ್ಕೆ. ಆದರೆ ಕ್ಲಿಕ್ ಸದ್ದು, ನಾಯಿಯ ಹಿಂಭಾಗ ನೆಲ ಮುಟ್ಟಿದ ಕ್ಷಣಕ್ಕೇ ಗುರುತು ಹಾಕುತ್ತದೆ. ತಿಂಡಿ ಎರಡು ಸೆಕೆಂಡ್ ತಡವಾದರೂ ಪರವಾಗಿಲ್ಲ.

ಮನೆಗೆ ಬಂದವರ ಮೈಮೇಲೆ ಎಗರುವ ನಾಯಿಯನ್ನೇ ತೆಗೆದುಕೊಳ್ಳಿ. ಬಾಗಿಲು ತೆರೆಯುತ್ತದೆ, ನಾಯಿ ಓಡಿ ಬರುತ್ತದೆ. ಎಗರುವ ಮುಂಚೆ ಅದರ ಮೈ ನೋಡಿ. ತೂಕವೆಲ್ಲ ಹಿಂಗಾಲಿಗೆ ಹೋಗುತ್ತದೆ, ಸೊಂಟ ಸ್ವಲ್ಪ ಕುಗ್ಗುತ್ತದೆ, ಮುಂಗಾಲು ಹಗುರಾಗುತ್ತದೆ. ಅದಕ್ಕೂ ಮೊದಲು, ಕಣ್ಣು ಮಿಟುಕಿಸುವಷ್ಟು ಹೊತ್ತು, ನಾಲ್ಕೂ ಕಾಲು ನೆಲದ ಮೇಲಿರುತ್ತವೆ. ಕ್ಲಿಕ್ ಬೀಳಬೇಕಾದದ್ದು ಅಲ್ಲಿ. ತಿಂಡಿಯನ್ನು ಕೈಯೆತ್ತಿ ಕೊಡಬೇಡಿ, ನೆಲಕ್ಕೇ ಹಾಕಿ. ಮೂತಿ ಕೆಳಗೆ ಹೋಗುತ್ತದೆ, ಕಾಲು ನೆಲ ಬಿಡುವುದಿಲ್ಲ. ತಲೆಯೆತ್ತಿದ ತಕ್ಷಣ, ಕಾಲಿನ್ನೂ ನೆಲದ ಮೇಲಿರುವಾಗಲೇ, ಇನ್ನೊಂದು ಕ್ಲಿಕ್. ಬಂದವರಿಗೆ ಒಂದೇ ಮಾತು ಹೇಳಿಡಿ: ಎಗರಿದರೆ ಮಾತಾಡಿಸಬೇಡಿ, ಬೈಯಬೇಡಿ, ಕೈಯಿಂದ ತಳ್ಳಲೂ ಬೇಡಿ, ಸುಮ್ನೆ ಬೆನ್ನು ತಿರುಗಿಸಿ. ತಳ್ಳುವುದೂ ನಾಯಿಗೆ ಆಟವೇ.

‘ಎಗರಬೇಡ’ ಅನ್ನುವುದು ನಾಯಿಗೆ ಅರ್ಥವಾಗುವ ಪಾಠ ಅಲ್ಲ. ಏನು ಮಾಡಬಾರದು ಅಂತಷ್ಟೇ ಹೇಳಿದರೆ, ಏನು ಮಾಡಬೇಕು ಅನ್ನುವುದು ಅದಕ್ಕೆ ಹೇಗೆ ಗೊತ್ತಾಗಬೇಕು? ‘ನಾಲ್ಕು ಕಾಲು ನೆಲದ ಮೇಲೆ’ ಅನ್ನುವುದು ಪಾಠ. ನಿಮ್ಮ ಪ್ರಾಣಿಯ ಯಾವ ಕೆಟ್ಟ ಅಭ್ಯಾಸವಾದರೂ ಸರಿ, ಮೊದಲು ಈ ಪ್ರಶ್ನೆ ಕೇಳಿಕೊಳ್ಳಿ: ಅದರ ಬದಲು ನನಗೆ ಏನು ಬೇಕು? ಉತ್ತರ ಸ್ಪಷ್ಟವಾಗಿ ಸಿಕ್ಕರೆ ಅರ್ಧ ಕೆಲಸ ಆದಂತೆ.

ಈ ವಿಧಾನ ಎಲ್ಲಿಂದ ಬಂತು ಅನ್ನುವುದನ್ನು ನೋಡಿದರೆ ನನ್ನ ವಾದ ಇನ್ನೂ ಗಟ್ಟಿಯಾಗುತ್ತದೆ. ಅಮೆರಿಕದ ಮನಶ್ಶಾಸ್ತ್ರಜ್ಞ ಬಿ.ಎಫ್. ಸ್ಕಿನ್ನರ್ ಇಲಿ, ಪಾರಿವಾಳಗಳ ಮೇಲೆ ಪ್ರಯೋಗ ಮಾಡಿ, ಪ್ರತಿಫಲ ಸಿಕ್ಕ ವರ್ತನೆ ಮತ್ತೆ ಮತ್ತೆ ಬರುತ್ತದೆ ಎಂದು ತೋರಿಸಿದರು. ಅವರ ಶಿಷ್ಯರಾದ ಕೆಲ್ಲರ್ ಮತ್ತು ಮರಿಯನ್ ಬ್ರೆಲ್ಯಾಂಡ್ ದಂಪತಿ 1940ರ ದಶಕದಲ್ಲೇ ಇದನ್ನು ಪ್ರಯೋಗಾಲಯದಿಂದ ಹೊರಗೆ ತಂದು ಕೋಳಿ, ಹಂದಿ, ನಾಯಿಗಳಿಗೆ ಕಲಿಸಿದರು. 1960ರ ದಶಕದಲ್ಲಿ ಹವಾಯಿಯ ಸೀ ಲೈಫ್ ಪಾರ್ಕ್‌ನಲ್ಲಿ ಕರೆನ್ ಪ್ರಯೋರ್ ಡಾಲ್ಫಿನ್‌ಗಳಿಗೆ ಸೀಟಿ ಮತ್ತು ಮೀನು ಬಳಸಿ ಕಲಿಸಿದರು. ಮುಂದೆ 1990ರ ದಶಕದಲ್ಲಿ ನಾಯಿ ಸಾಕುವವರ ನಡುವೆ ಕ್ಲಿಕ್ಕರ್ ಹರಡಿದ್ದೂ ಬಹುಮಟ್ಟಿಗೆ ಅವರಿಂದಲೇ.

ಡಾಲ್ಫಿನ್‌ಗೆ ಬೆಲ್ಟ್ ಕಟ್ಟಲು ಆಗುವುದಿಲ್ಲ. ಹೊಡೆಯಲು ಹೋದರೆ ಅದು ಕೊಳದ ಆಚೆ ತುದಿಗೆ ಈಜಿ ಹೋಗುತ್ತದೆ, ಮತ್ತೆ ಹತ್ತಿರ ಬರುವುದಿಲ್ಲ. ಬಲ ತೋರಿಸುವ ದಾರಿಯೇ ಇಲ್ಲದ ಕಡೆ, ಪ್ರಾಣಿ ತಾನಾಗಿ ಒಪ್ಪಿ ಮಾಡುವಂತೆ ಕಲಿಸಬೇಕಿತ್ತು. ಕಲಿಸಿಯೂ ತೋರಿಸಿದರು. ನೂರಾರು ಕಿಲೋ ತೂಗುವ ಪ್ರಾಣಿಗೆ ಏಟಿಲ್ಲದೆ ಕಲಿಸಬಹುದು ಅಂದಮೇಲೆ, ನಮ್ಮ ಕೈಯಿಂದಲೇ ಊಟ ತಿನ್ನುವ, ನಮ್ಮ ಮುಖ ನೋಡಿಕೊಂಡೇ ಬದುಕುವ ನಾಯಿಗೆ ಏಟು ಯಾಕೆ ಬೇಕು?

ಇನ್ನೊಂದು ಉದಾಹರಣೆ ನನಗೆ ತುಂಬಾ ಇಷ್ಟ. ಅಪೋಪೋ ಅನ್ನುವ ಸಂಸ್ಥೆ ತಾಂಜಾನಿಯಾದಲ್ಲಿ ದೊಡ್ಡ ಜಾತಿಯ ಇಲಿಗಳಿಗೆ ಕ್ಲಿಕ್ಕರ್‌ನಿಂದಲೇ ನೆಲಬಾಂಬ್ ಪತ್ತೆ ಮಾಡಲು ಕಲಿಸುತ್ತದೆ. ಸ್ಫೋಟಕದ ವಾಸನೆ ಸಿಕ್ಕ ಕಡೆ ಮೂಗಿಟ್ಟು ನಿಂತರೆ ಕ್ಲಿಕ್, ಆಮೇಲೆ ತಿಂಡಿ. ಮಗಾವಾ ಎಂಬ ಇಲಿ ಕಾಂಬೋಡಿಯಾದಲ್ಲಿ ಹೀಗೆ ಕೆಲಸ ಮಾಡಿ 2020ರಲ್ಲಿ ಬ್ರಿಟನ್ನಿನ ಪಿಡಿಎಸ್‌ಎ ಎಂಬ ಪ್ರಾಣಿ ಸೇವಾ ಸಂಸ್ಥೆಯ ಚಿನ್ನದ ಪದಕ ಪಡೆಯಿತು. ಜನರ ಜೀವ ನಿಂತಿರುವ ಕೆಲಸವನ್ನು ಇಲಿಯೊಂದು ಇಷ್ಟು ಚೊಕ್ಕವಾಗಿ ಕಲಿಯುತ್ತದೆ. ನಮ್ಮ ನಾಯಿಗೆ ‘ಕೂತ್ಕೋ’ ಬರುವುದಿಲ್ಲ ಅಂದರೆ ಕೊರತೆ ನಾಯಿಯಲ್ಲಿಲ್ಲ.

‘ದಂಡಂ ದಶಗುಣಂ’ ಅನ್ನುವವರು ನನಗೆ ಆಗಾಗ ಸಿಗುತ್ತಾರೆ. ಏಟು ಬಿದ್ದರೆ ಪ್ರಾಣಿ ಸುಮ್ಮನಾಗುತ್ತದೆ, ನಿಜ. ಆದರೆ ಸುಮ್ಮನಾದದ್ದೆಲ್ಲ ಕಲಿತದ್ದಲ್ಲ. ಗುರುಗುಟ್ಟಿದ್ದಕ್ಕೆ ಏಟು ತಿಂದ ನಾಯಿ ಮುಂದಿನ ಸಲ ಗುರುಗುಟ್ಟದೆ ನೇರ ಕಚ್ಚಬಹುದು. ಗುರುಗುಟ್ಟುವುದು ಅದರ ಎಚ್ಚರಿಕೆಯಾಗಿತ್ತು, ಆ ಎಚ್ಚರಿಕೆಯನ್ನೇ ನಾವು ಕಿತ್ತುಕೊಂಡಿರುತ್ತೇವೆ. ಪೋರ್ಚುಗಲ್‌ನಲ್ಲಿ 92 ನಾಯಿಗಳ ಮೇಲೆ ನಡೆದು 2020ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಬೈದು, ಬೆಲ್ಟ್ ಜಗ್ಗಿ ಕಲಿಸುವ ಶಾಲೆಗಳ ನಾಯಿಗಳಲ್ಲಿ ಒತ್ತಡದ ಲಕ್ಷಣ ಜಾಸ್ತಿ ಕಂಡಿತು. ತರಬೇತಿ ಆದಮೇಲೆ ಅವುಗಳ ಜೊಲ್ಲಿನಲ್ಲಿ ಕಾರ್ಟಿಸಾಲ್ ಎಂಬ ಒತ್ತಡದ ಹಾರ್ಮೋನ್ ಕೂಡ ಏರಿತ್ತು. ಅಮೆರಿಕದ ಪ್ರಾಣಿ ವರ್ತನೆಯ ಪಶುವೈದ್ಯರ ಸಂಘ 2021ರಲ್ಲಿ ಎಲ್ಲ ನಾಯಿಗಳಿಗೂ ಪ್ರತಿಫಲದ ತರಬೇತಿಯನ್ನೇ ಶಿಫಾರಸು ಮಾಡಿತು. ತುಂಬಾ ಒರಟಾಗಿ ವರ್ತಿಸುವ ನಾಯಿಗಳನ್ನೂ ಅದು ಹೊರಗಿಡಲಿಲ್ಲ.

‘ನಾನೇ ಯಜಮಾನ ಅಂತ ತೋರಿಸಬೇಕು, ಇಲ್ಲದಿದ್ದರೆ ತಲೆ ಮೇಲೆ ಕೂರುತ್ತದೆ’ ಅನ್ನುವ ಮಾತೂ ಇದೆ. ಇದರ ಮೂಲ, ಬೇರೆ ಬೇರೆ ಕಡೆಯಿಂದ ತಂದು ಒಂದೇ ಆವರಣದಲ್ಲಿ ಕೂಡಿಹಾಕಿದ ತೋಳಗಳನ್ನು ನೋಡಿ ಬರೆದ ಹಳೆಯ ಅಧ್ಯಯನ. ಒಂದು ಕಾಲದಲ್ಲಿ ‘ಆಲ್ಫಾ ತೋಳ’, ಅಂದರೆ ಹಿಂಡನ್ನೆಲ್ಲ ಹೆದರಿಸಿ ಆಳುವ ಯಜಮಾನ ತೋಳದ ಕಲ್ಪನೆಯನ್ನು ತಾವೇ ಜನಪ್ರಿಯ ಮಾಡಿದ್ದ ವಿಜ್ಞಾನಿ ಡೇವಿಡ್ ಮೆಕ್, ಕಾಡಿನ ತೋಳಗಳನ್ನು ವರ್ಷಗಟ್ಟಲೆ ನೋಡಿ 1999ರಲ್ಲಿ ಅದನ್ನು ತಿದ್ದಿದರು. ಕಾಡಿನಲ್ಲಿ ತೋಳದ ಹಿಂಡು ಅಂದರೆ ಹೆಚ್ಚಾಗಿ ಅಪ್ಪ, ಅಮ್ಮ, ಮರಿಗಳ ಸಂಸಾರ ಅಷ್ಟೇ.

‘ತಿಂಡಿ ಕೊಟ್ಟು ಮಾಡಿಸುವುದು ಲಂಚ ಅಲ್ವಾ?’ ಅಂತಲೂ ಕೇಳುತ್ತಾರೆ. ಲಂಚವನ್ನು ಕೆಲಸಕ್ಕೆ ಮುಂಚೆ ತೋರಿಸುತ್ತಾರೆ, ಸಂಬಳ ಕೆಲಸ ಆದಮೇಲೆ ಬರುತ್ತದೆ. ಕೈಯಲ್ಲಿ ತಿಂಡಿ ಆಡಿಸುತ್ತಾ ‘ಬಾ ಬಾ’ ಅಂದರೆ ಅದು ಲಂಚವೇ, ತಿಂಡಿ ಕಾಣದ ದಿನ ನಾಯಿ ಬರುವುದಿಲ್ಲ. ತಿಂಡಿ ಜೇಬಿನಲ್ಲೋ ಮೇಜಿನ ಮೇಲೋ ಇರಲಿ, ಕ್ಲಿಕ್ ಆದಮೇಲಷ್ಟೇ ಹೊರಗೆ ಬರಲಿ. ಚೂರು ಬಟಾಣಿ ಕಾಳಿನಷ್ಟಿದ್ದರೆ ಸಾಕು, ಅಷ್ಟನ್ನು ಆ ದಿನದ ಊಟದಲ್ಲಿ ಕಡಿಮೆ ಮಾಡಿ.

ಕ್ಲಿಕ್ಕರ್ ಡಬ್ಬಿಯಲ್ಲಿ ಮಾಯೆ ಇದೆ ಅಂತ ನಾನು ಹೇಳುತ್ತಿಲ್ಲ. ಇಟಲಿಯ ಸಂಶೋಧಕರು 2016ರಲ್ಲಿ ಪ್ರಕಟಿಸಿದ ಅಧ್ಯಯನಕ್ಕಾಗಿ 51 ನಾಯಿಗಳನ್ನು ಮೂರು ಗುಂಪು ಮಾಡಿ ಕಲಿಸಿದರು: ಕೆಲವಕ್ಕೆ ಕ್ಲಿಕ್ಕರ್, ಕೆಲವಕ್ಕೆ ‘ಬ್ರಾವೋ’ ಅನ್ನುವ ಮಾತು, ಉಳಿದವಕ್ಕೆ ಬರೀ ತಿಂಡಿ. ಕಲಿಕೆಯಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಆದರೆ ನುರಿತವರು ಮಾತಿನಿಂದಲೂ ಸರಿಯಾದ ಕ್ಷಣಕ್ಕೆ ಗುರುತು ಹಾಕಬಲ್ಲರು. ಹೊಸದಾಗಿ ಕಲಿಸುವ ನಮ್ಮಂಥವರಿಗೆ ಮಾತು ಕೈಕೊಡುತ್ತದೆ. ಇವತ್ತು ‘ಗುಡ್’, ನಾಳೆ ‘ಜಾಣ ಮರಿ’, ನಾಡಿದ್ದು ಸಿಡುಕಿನ ದನಿ. ಕ್ಲಿಕ್ ಯಾವತ್ತೂ ಒಂದೇ ಥರ. ಅದಕ್ಕೆ ಕೋಪ ಬರುವುದಿಲ್ಲ.

ಬೆಕ್ಕಿಗೆ ಏನೂ ಕಲಿಸಲಾಗದು ಅನ್ನುವವರು ಒಮ್ಮೆ ಪ್ರಯತ್ನಿಸಿ ನೋಡಿ. ನಮ್ಮ ಮನೆಯ ಬೆಕ್ಕಿಗೆ ಡಾಕ್ಟರ ಹತ್ತಿರ ಒಯ್ಯುವ ಪೆಟ್ಟಿಗೆ ಕಂಡರೆ ಮಂಚದ ಕೆಳಗೆ ಓಡುವ ಅಭ್ಯಾಸವಿತ್ತು. ಪೆಟ್ಟಿಗೆಯ ಬಾಗಿಲು ಬಿಚ್ಚಿಟ್ಟು ಕೋಣೆಯ ಮಧ್ಯೆ ಇಟ್ಟೆವು. ಅದರ ಕಡೆ ಒಮ್ಮೆ ನೋಡಿದರೆ ಕ್ಲಿಕ್. ಹತ್ತಿರ ಬಂದು ಮೂಸಿದರೆ ಕ್ಲಿಕ್. ಒಂದು ಕಾಲು ಒಳಗಿಟ್ಟು, ಮೈ ಉದ್ದ ಮಾಡಿ, ಹಿಂಗಾಲು ಹೊರಗೇ ಉಳಿಸಿಕೊಂಡು ನಿಂತಾಗಲೂ ಕ್ಲಿಕ್. ಇಷ್ಟ ಬಂದಾಗ ಹೊರಟು ಹೋಗುವ ಸ್ವಾತಂತ್ರ್ಯ ಅದಕ್ಕಿತ್ತು. ಹೋದರೆ ಆ ದಿನದ ಪಾಠ ಮುಗಿಯಿತು. ಈಗ ಪೆಟ್ಟಿಗೆ ತೆಗೆದರೆ ತಾನೇ ಒಳಗೆ ಹೋಗಿ ಕೂತು ನಮ್ಮ ಮುಖ ನೋಡುತ್ತದೆ. ಉಗುರು ಕತ್ತರಿಸಲು, ಕಿವಿ ನೋಡಲು, ಇಂಜೆಕ್ಷನ್ ತೆಗೆದುಕೊಳ್ಳಲು ಕೂಡ ಹೀಗೇ ಚೂರು ಚೂರಾಗಿ ಒಗ್ಗಿಸಬಹುದು. ಕುಣಿತ, ಹೈ-ಫೈವ್ ಎಲ್ಲ ಆಮೇಲೆ. ಪ್ರಾಣಿಗೆ ಜೀವನಪೂರ್ತಿ ಭಯ ಕಡಿಮೆ ಮಾಡುವ ಪಾಠಗಳೇ ಮೊದಲು ಬರಬೇಕು ಅನ್ನುವುದು ನನ್ನ ಖಚಿತ ಅಭಿಪ್ರಾಯ.

ಶುರು ಮಾಡುವವರಿಗೆ ಕೆಲವು ಮಾತು. ಕ್ಲಿಕ್ ಮಾಡಿದರೆ ತಿಂಡಿ ಕೊಡಲೇಬೇಕು, ಕೈತಪ್ಪಿ ಒತ್ತಿದರೂ ಸರಿ. ಆ ಸದ್ದಿನ ಮೇಲಿನ ನಂಬಿಕೆ ಹೋದರೆ ಎಲ್ಲ ಹೋಯಿತು. ನಾಯಿಯನ್ನು ಕರೆಯಲು ಕ್ಲಿಕ್ ಬಳಸಬೇಡಿ. ಕಿವಿಯ ಹತ್ತಿರ ಒತ್ತಬೇಡಿ. ಸದ್ದಿಗೆ ಬೆಚ್ಚುವ ಪ್ರಾಣಿಯಾದರೆ ಬಟ್ಟೆಯಲ್ಲಿ ಸುತ್ತಿ ಒತ್ತಿ, ಇಲ್ಲವೇ ಬಾಲ್‌ಪೆನ್ನಿನ ಟಿಕ್ ಸಾಕು. ಕಿವಿ ಕೇಳದ ನಾಯಿಗೆ ಹೆಬ್ಬೆರಳು ಎತ್ತಿ ತೋರಿಸುವುದೇ ಕ್ಲಿಕ್. ಒಂದು ಸಲಕ್ಕೆ ಐದು ನಿಮಿಷ ಮೀರಬೇಡಿ. ಮನೆಯೊಳಗೆ ಕಲಿತದ್ದು ರಸ್ತೆಯಲ್ಲಿ ತಾನಾಗಿ ಬರುವುದಿಲ್ಲ, ಅಲ್ಲಿ ಮತ್ತೆ ಮೊದಲಿನಿಂದ ಸುಲಭ ಮಾಡಿ ಕಲಿಸಬೇಕು.

ಇದ್ದಕ್ಕಿದ್ದಂತೆ ಸಿಡುಕಲು ಶುರು ಮಾಡಿದ, ಮುಟ್ಟಿದರೆ ಕಚ್ಚಲು ಬರುವ ಪ್ರಾಣಿಯನ್ನು ಮೊದಲು ಪಶುವೈದ್ಯರಿಗೆ ತೋರಿಸಿ. ನೋವಿನಲ್ಲಿರುವ ಪ್ರಾಣಿಗೆ ತರಬೇತಿ ಬೇಡ, ಔಷಧಿ ಬೇಕು. ಹಳೆಯ ಭಯದಿಂದ ಕಚ್ಚುವ ನಾಯಿಯಾದರೆ ವರ್ತನೆ ಬಲ್ಲವರ ಸಹಾಯ ಪಡೆಯಿರಿ, ಒಬ್ಬರೇ ಪ್ರಯೋಗ ಮಾಡಬೇಡಿ.

ಒಂದು ವರ್ತನೆ ಗಟ್ಟಿಯಾದ ಮೇಲೆ ಅದಕ್ಕೆ ಕ್ಲಿಕ್ಕರ್ ಬೇಕಾಗುವುದಿಲ್ಲ. ಒಂದು ಮಾತು, ಒಂದು ಸನ್ನೆ ಸಾಕಾಗುತ್ತದೆ. ತಿಂಡಿಯೂ ಪ್ರತಿ ಸಲ ಬೇಡ, ಆಗೊಮ್ಮೆ ಈಗೊಮ್ಮೆ ಕೊಡಿ. ಉಳಿದಂತೆ ಬಾಗಿಲು ತೆರೆಯುವುದು, ಚೆಂಡು ಎಸೆಯುವುದು, ಕುತ್ತಿಗೆ ತುರಿಸುವುದೂ ಪ್ರತಿಫಲವೇ. ಡಬ್ಬಿಯನ್ನು ಡ್ರಾಯರ್‌ನಲ್ಲಿಡಿ, ಹೊಸದೇನಾದರೂ ಕಲಿಸಬೇಕೆನಿಸಿದಾಗ ಮತ್ತೆ ತೆಗೆದರಾಯಿತು.