ಸುಮ್ನೆ ನೋಡೋಕೆ ಬಂದವರು

"ತಗೊಳ್ಳೋದು ಏನೂ ಇಲ್ಲ, ಸುಮ್ನೆ ಸೋಫಾ ಮೇಲೆ ಕೂತು ಹೋಗೋಕೆ ಬರ್ತಾರೆ." ನಿನ್ನೆ ಬೆಂಗಳೂರಿನ ನಾಗಸಂದ್ರದಲ್ಲಿರೋ ಐಕಿಯಾ ಫರ್ನಿಚರ್ ಮಳಿಗೆಯಲ್ಲಿ ಕಿವಿಗೆ ಬಿದ್ದ ಮಾತು. ಹೇಳಿದ್ದು ಒಬ್ಬ ಅಜ್ಜಿಯನ್ನು ನೋಡಿ. ಅವರು ಪೊಯೆಂಗ್ ಅನ್ನೋ ಒರಗು ಕುರ್ಚಿಗೆ ಒರಗಿ, ಸೆರಗನ್ನು ಮಡಿಲಲ್ಲಿ ಮುದುರಿಟ್ಟುಕೊಂಡು, ಆ ಬಾಗಿದ ಮರದ ಕೈ ಮೇಲೆ ಬೆರಳಾಡಿಸುತ್ತಿದ್ದರು. ನನಗಂತೂ ಮೈ ಉರಿದುಹೋಯಿತು.

ನೋಡೋಕೆ ಬಂದರೆ ಏನ್ರೀ ತಪ್ಪು?

ನಾನು ಚಿಕ್ಕವನಿದ್ದಾಗ ಅಪ್ಪನ ಜೊತೆ ನಮ್ಮೂರಿನ ಒಂದು ಫರ್ನಿಚರ್ ಅಂಗಡಿಗೆ ಹೋಗಿದ್ದೆ. ಸೋಫಾಗಳ ಮೇಲೆಲ್ಲ ಪ್ಲಾಸ್ಟಿಕ್ ಹಾಳೆ. ಎಲ್ಲೂ ಬೆಲೆ ಬರೆದಿಲ್ಲ. ಅಂಗಡಿಯವನು ಮೊದಲು ಅಪ್ಪನ ಚಪ್ಪಲಿ ನೋಡಿದ, ಆಮೇಲೆ "ಎಷ್ಟರೊಳಗೆ ಬೇಕು?" ಅಂದ. ಅಪ್ಪ ಏನೋ ಗೊಣಗಿ ನನ್ನ ಕೈ ಹಿಡಿದು ಹೊರಗೆ ಬಂದುಬಿಟ್ಟರು. ಆ ಅವಮಾನ ನನಗೆ ಇವತ್ತಿಗೂ ಹೋಗಿಲ್ಲ. ಈ ಐಕಿಯಾದಲ್ಲಿ ನೋಡಿದರೆ ಚಮಚದಿಂದ ಹಿಡಿದು ಮಂಚದವರೆಗೆ ಎಲ್ಲದಕ್ಕೂ ಬೆಲೆ ಚೀಟಿ ಇದೆ. ಡ್ರಾಯರ್ ಎಳೆಯಿರಿ, ಹಾಸಿಗೆ ಮೇಲೆ ಮಲಗಿ, ಯಾರೂ ಕೇಳಲ್ಲ. ಜನ ಮುಗಿಬೀಳೋದು ಇದಕ್ಕೇ ಅಂತ ನನಗೆ ಖಂಡಿತ ಅನಿಸುತ್ತದೆ.

ಅಸಲಿಗೆ ಈ ಕಂಪನಿ ಬೆಳೆದದ್ದೇ ನೋಡೋಕೆ ಬಂದವರಿಂದ. ಸ್ವೀಡನ್ನಿನ ಸ್ಮೊಲಾಂಡ್ ಪ್ರಾಂತ್ಯದಲ್ಲಿ ಇಂಗ್ವಾರ್ ಕಂಪ್ರಾಡ್ 1943ರಲ್ಲಿ ಶುರು ಮಾಡಿದ್ದು. ಆಮೇಲೆ ಅಂಚೆಯಲ್ಲಿ ಪೀಠೋಪಕರಣ ಮಾರತೊಡಗಿದ. ಬೆಲೆ ಇಳಿಸುವ ಪೈಪೋಟಿ ಜೋರಾದಾಗ ಜನಕ್ಕೆ ಮಾಲಿನ ಮೇಲೇ ಅನುಮಾನ ಬಂತು. ಹಾಗಾಗಿ 1953ರಲ್ಲಿ ಅಲ್ಲಿನ ಎಲ್ಮ್‌ಹುಲ್ಟ್‌ನಲ್ಲಿ ಒಂದು ಷೋರೂಮ್ ತೆರೆದ, ಬಂದು ಮುಟ್ಟಿ ನೋಡಿ ಅಂತ. ಬಂದವರಿಗೆ ಕಾಫಿ, ಬನ್ನು ಬೇರೆ. ಟೇಬಲ್ಲಿನ ಕಾಲು ಬಿಚ್ಚಿ ಚಪ್ಪಟೆ ಡಬ್ಬದಲ್ಲಿ ಕೊಡೋ ಉಪಾಯವೆಲ್ಲ ಅದಾದ ಮೇಲಿನದು.

"ಐಕಿಯಾದ್ದು ಮರದ ಪುಡಿ ಒತ್ತಿ ಮಾಡಿದ ಪಾರ್ಟಿಕಲ್ ಬೋರ್ಡು ರೀ, ನೀರು ತಾಗಿದರೆ ಉಬ್ಬುತ್ತೆ, ತೇಗವಾದರೆ ಮೂರು ತಲೆಮಾರು ಬಾಳುತ್ತೆ" ಅಂತೀರಿ. ಹೌದು, ಬಾಳುತ್ತೆ. ಸ್ವಂತ ಮನೆ ಇದ್ದವರ ಮಾತು ಅದು. 11 ತಿಂಗಳ ಅಗ್ರಿಮೆಂಟಿನಲ್ಲಿ ಬಾಡಿಗೆಗಿರೋ ಹುಡುಗರು ತೇಗದ ಬೀರುವನ್ನು ಆ ಕಿರಿದಾದ ಮೆಟ್ಟಿಲಲ್ಲಿ ಹತ್ತಿಸಿ ಇಳಿಸಿ ಸಾಯಬೇಕಾ? ಅವರಿಗೆ ಈಗ, ಈ ಸಂಬಳದಲ್ಲಿ, ಪುಸ್ತಕ ಜೋಡಿಸೋಕೆ ಒಂದು ಕಪಾಟು ಬೇಕು, ಅಷ್ಟೇ ಅಲ್ವಾ?

ನಮ್ಮ ಬಡಗಿಗಳ ಕೆಲಸ ಯಾರಿಗೂ ಕಡಿಮೆಯಲ್ಲ, ಅದನ್ನು ನಾನು ಎದೆ ತಟ್ಟಿ ಹೇಳುತ್ತೇನೆ. ಅದನ್ನು ಮಾರೋ ಅಂಗಡಿಯವರಲ್ಲಿ ನನ್ನದು ಒಂದೇ ಕೋರಿಕೆ. ಆ ಪ್ಲಾಸ್ಟಿಕ್ ಹಾಳೆ ತೆಗೆಯಿರಿ, ಬೆಲೆ ಬರೆದು ಅಂಟಿಸಿ, ಬಂದವರನ್ನು ಕೂರೋಕೆ ಬಿಡಿ.