ಶಾಂತಿ ನಿಲಯದ ನಡುವಿನ ಅಕ್ಷರ

ಹೆಂಡತಿಯ ತಂಗಿ ಕುಶಾಲನಗರದಲ್ಲಿ ಮನೆ ಕಟ್ಟಿಸಿ, ಅದಕ್ಕೆ ‘ಶಾಂತಿ ನಿಲಯ’ ಎಂದು ಹೆಸರಿಟ್ಟು, ‘ಬೋರ್ಡನ್ನು ನೀವೇ ಮಾಡಿಕೊಡಬೇಕು ಭಾವ’ ಎಂದು ಫೋನಿನಲ್ಲಿ ಕೇಳಿದಾಗ, ‘ಅದೇನು ಮಹಾ, ಅರ್ಧ ಗಂಟೆಯ ಕೆಲಸ’ ಎಂದುಬಿಟ್ಟೆ. ಜೂನ್ ಕೊನೆಯ ವಾರದಲ್ಲಿ ಶುರುವಾದ ಆ ಅರ್ಧ ಗಂಟೆ, ಆಗಸ್ಟ್ ಮೊದಲ ವಾರದಲ್ಲಿ ಬರುವ ಆಟಿ ಹದಿನೆಂಟರ ಮದ್ದುಸೊಪ್ಪಿನ ಪಾಯಸ ಉಂಡು ಕೈ ತೊಳೆದ ಮೇಲೂ ಮುಗಿದಿರಲಿಲ್ಲ.

ಮಡಿಕೇರಿಯ ನಮ್ಮ ಮನೆಯ ಸೌದೆ ಕೊಟ್ಟಿಗೆಯ ಮೂಲೆಯಲ್ಲಿ ಒಂದು ಪುಟ್ಟ ಸಿಎನ್‌ಸಿ ರೌಟರ್ ಇದೆ. ಕಂಪ್ಯೂಟರ್ ಹೇಳಿದಂತೆ ಮೂರು ದಿಕ್ಕಿಗೆ ಚಲಿಸುತ್ತ, ತಿರುಗುವ ಮೊನೆಯಿಂದ ಮರ ಕೆತ್ತುವ ಯಂತ್ರ ಅದು. ಮರ ಇಡುವ ಹಾಸು 30 ಸೆಂಟಿಮೀಟರ್ ಉದ್ದ, 18 ಅಗಲ. ಆದ್ದರಿಂದಲೇ ಈ ಜಾತಿಯ ಯಂತ್ರಗಳಿಗೆ 3018 ಎಂಬ ಹೆಸರು. ಅದರ ಮೋಟಾರು ಒಂದು ಸುತ್ತಿಗೆ 200 ಹೆಜ್ಜೆ ಇಡುತ್ತದೆ, ನಿಯಂತ್ರಕ ಆ ಪ್ರತಿಯೊಂದು ಹೆಜ್ಜೆಯನ್ನೂ 16 ಚೂರು ಮಾಡುತ್ತದೆ, ಸ್ಕ್ರೂ ಒಂದು ಸುತ್ತಿಗೆ 4 ಮಿಲಿಮೀಟರ್ ಮುಂದೆ ಹೋಗುತ್ತದೆ. ಅಲ್ಲಿಗೆ ಒಂದು ಮಿಲಿಮೀಟರಿಗೆ 800 ಹೆಜ್ಜೆಗಳಾದವು. ಪ್ರೌಢಶಾಲೆಯಲ್ಲಿ ಗಣಿತ ಹೇಳಿಕೊಡುವ ನನಗೆ ಈ ಲೆಕ್ಕ ಎಷ್ಟು ಹಿಡಿಸಿತ್ತೆಂದರೆ, ಮನೆಗೆ ಬಂದ ನೆಂಟರಿಗೆಲ್ಲ ಕಾಫಿಯ ಜೊತೆಗೆ ಇದನ್ನೂ ಬಡಿಸುತ್ತಿದ್ದೆ.

ಮೊದಲ ಹಲಗೆ ಸಿಲ್ವರ್ ಓಕಿನದು. ಕಾಫಿ ತೋಟದ ನೆರಳಿಗೆಂದು ಬೆಳೆಸುವ ಈ ಮರ ನಮ್ಮಲ್ಲಿ ಸುಲಭವಾಗಿ ಸಿಗುತ್ತದೆ, ಕೆಟ್ಟರೆ ಹೊಟ್ಟೆಯೂ ಉರಿಯುವುದಿಲ್ಲ. ಆರು ಮಿಲಿಮೀಟರಿನ ತೆಳು ಹಲಗೆಯನ್ನು ನಡುವಿನಲ್ಲಿ ಎರಡು ಕ್ಲಾಂಪ್ ಹಾಕಿ ಬಿಗಿದು, ಯಂತ್ರ ಚಾಲೂ ಮಾಡಿ ಕಾಫಿಗೆ ಹೋದೆ. ಮರಳಿ ಬಂದು ನೋಡಿದರೆ ‘ಶಾಂ’ ಅಕ್ಷರದ ಸೊನ್ನೆ ಹಲಸಿನ ಬೀಜದ ಆಕಾರ ತಾಳಿತ್ತು. ಅದಕ್ಕಿಂತ ಘೋರವೆಂದರೆ, ಐದು ಅಕ್ಷರಗಳಲ್ಲಿ ಸರಿಯಾಗಿ ನಡುವಿನದಾದ ‘ನಿ’ ಕೆತ್ತನೆಯೇ ಆಗಿರಲಿಲ್ಲ. ಉಗುರಿನಲ್ಲಿ ಗೀಚಿದಂತೆ ಒಂದು ಗೆರೆ ಇತ್ತು, ಅಷ್ಟೆ. ಹೆಂಡತಿ ಹಲಗೆಯನ್ನು ಕೈಗೆತ್ತಿಕೊಂಡು ಗಟ್ಟಿಯಾಗಿ ಓದಿದಳು: “ಶಾಂತಿ ಲಯ.” ಆಮೇಲೆ, “ರೀ, ಗೃಹಪ್ರವೇಶಕ್ಕೆ ಕರೆದಿದ್ದಾರೆ, ಶಾಪ ಹಾಕೋದಕ್ಕಲ್ಲ” ಎಂದಳು.

ನನ್ನ ತೀರ್ಮಾನ ತಕ್ಷಣವೇ ಸಿದ್ಧವಾಯಿತು: ಯಂತ್ರ ಸಡಿಲ. ಕೈಯಲ್ಲಿ ಅಲುಗಿಸಿದರೆ ಮೊನೆ ಅತ್ತಿತ್ತ ಓಲಾಡುವುದು ಕಣ್ಣಿಗೇ ಕಾಣುತ್ತಿತ್ತು. ಸೊನ್ನೆಯ ಮಟ್ಟಿಗೆ ಆ ತೀರ್ಮಾನ ಸರಿಯಾಗಿಯೇ ಇತ್ತು. ಸ್ಕ್ರೂವಿಗೂ ಅದರ ಹಿತ್ತಾಳೆಯ ನಟ್ಟಿಗೂ ನಡುವೆ ಕೂದಲೆಳೆಯ ಸಂದು ಇದ್ದರೆ, ದಿಕ್ಕು ಬದಲಿಸುವಾಗಲೆಲ್ಲ ಮೋಟಾರು ಹೆಜ್ಜೆ ಎಣಿಸುತ್ತದೆ, ಮೊನೆ ಮಾತ್ರ ನಿಂತಲ್ಲೇ ನಿಂತಿರುತ್ತದೆ. ವೃತ್ತ ಚಪ್ಪಟೆಯಾಗುವುದು ಅಲ್ಲೇ. ಕನ್ನಡದಲ್ಲಿ ಕೆತ್ತುವವನಿಗೆ ಇದು ದೊಡ್ಡ ಪೀಡೆ, ಏಕೆಂದರೆ ನಮ್ಮ ಲಿಪಿಯಲ್ಲಿ ದುಂಡಗಿಲ್ಲದ ಅಕ್ಷರವನ್ನು ಹುಡುಕಬೇಕು. ಎರಡು ನಟ್ಟುಗಳ ನಡುವೆ ಸ್ಪ್ರಿಂಗ್ ಇಟ್ಟು ಸಂದನ್ನು ನುಂಗಿಸುವ ಜೋಡಿಯೊಂದನ್ನು ತರಿಸಿ ಹಾಕಿದೆ. ಅಷ್ಟಕ್ಕೇ ಕೈ ನಿಲ್ಲಲಿಲ್ಲ. ದುಂಡು ಸರಳಿನ ಬಿಗುವು ವ್ಯಾಸದ ನಾಲ್ಕನೇ ಘಾತಕ್ಕೆ ಅನುಗುಣವಾಗಿ ಏರುತ್ತದೆಯಾದ್ದರಿಂದ, 10 ಮಿಲಿಮೀಟರಿನ ಉಕ್ಕಿನ ಸರಳುಗಳನ್ನು ತೆಗೆದು 12ರದ್ದನ್ನು ಬೇರಿಂಗು ಸಮೇತ ಕೂರಿಸಿದರೆ ಬಿಗುವು ಎರಡು ಪಟ್ಟಾಗುತ್ತದೆಂದು ಕಾಗದದ ಮೇಲೆ ಸಾಧಿಸಿ, ಹಾಗೆಯೇ ಮಾಡಿದೆ. ಚೌಕಟ್ಟಿನ ಕರ್ಣಗಳನ್ನು ಅಳೆದಾಗ ಒಂದು ಇನ್ನೊಂದಕ್ಕಿಂತ 2 ಮಿಲಿಮೀಟರ್ ಉದ್ದವಿತ್ತು. ಆಯತದ ಕರ್ಣಗಳು ಸಮವೆಂದು ವರ್ಷವರ್ಷವೂ ಮಕ್ಕಳ ಬಾಯಲ್ಲಿ ಹೇಳಿಸಿದವನ ಮನೆಯಲ್ಲೇ ಸಮಾಂತರ ಚತುರ್ಭುಜವೊಂದು ಇಷ್ಟು ದಿನ ಆಯತದ ವೇಷ ಹಾಕಿಕೊಂಡು ಕುಳಿತಿತ್ತು.

ಆಮೇಲೆ ಮೊನೆ ಹಿಡಿಯುವ ಮೋಟಾರು ಹಾಸಿನ ಮೇಲೆ ನೇರ ಲಂಬವಾಗಿ ನಿಂತಿದೆಯೇ ಎಂಬ ಪರೀಕ್ಷೆ. ಮೋಟಾರಿನ ತುದಿಗೆ, ಎತ್ತರದ ಕೂದಲೆಳೆಯ ವ್ಯತ್ಯಾಸವನ್ನೂ ಮುಳ್ಳಿನಲ್ಲಿ ತೋರಿಸುವ ಡಯಲ್ ಗೇಜನ್ನು ಕಟ್ಟಿ ಕೈಯಿಂದ ನಿಧಾನವಾಗಿ ಒಂದು ಸುತ್ತು ತಿರುಗಿಸಿದರೆ, ಎಡ ಬಲ ಹಿಂದೆ ಮುಂದೆ ಎಲ್ಲ ಕಡೆಯೂ ಮುಳ್ಳು ಒಂದೇ ಅಂಕಿ ತೋರಿಸಬೇಕು. ನನ್ನದು ಬಲಗಡೆಗೆ ವಾಲಿತ್ತು. ಇದಕ್ಕೆ ಮದ್ದು, ಮೋಟಾರಿನ ಹಿಡಿಕೆಯ ಒಂದು ಬದಿಗೆ ತೆಳು ತಗಡಿನ ಅಡ್ಡೆ ಕೊಡುವುದು. ತಂಪು ಪಾನೀಯದ ಅಲ್ಯೂಮಿನಿಯಂ ಡಬ್ಬದ ತಗಡು ಹೆಚ್ಚುಕಡಿಮೆ 0.1 ಮಿಲಿಮೀಟರ್ ಇರುವುದರಿಂದ ಅದಕ್ಕೆ ಹೇಳಿ ಮಾಡಿಸಿದ್ದು. ಅಂಗಡಿಗೆ ಹೋಗಿ ಕೊಳ್ಳಬಹುದಿತ್ತು. ಆದರೆ ಹೋಮ್‌ಸ್ಟೇಗಳಿಗೆ ಬರುವ ಪ್ರವಾಸಿಗಳು ನಮ್ಮ ರಸ್ತೆಬದಿಯಲ್ಲಿ ಎಸೆದು ಹೋಗುವ ಬಿಯರ್ ಡಬ್ಬಗಳು ಒಂದು ಕಾರ್ಖಾನೆಗೆ ಸಾಲುವಷ್ಟಿರುವಾಗ ಯಾರು ಕೊಳ್ಳುತ್ತಾರೆ? ಜಡಿಮಳೆಯಲ್ಲಿ ಕೊಡೆ ಹಿಡಿದು, ಚರಂಡಿಗೆ ಬಗ್ಗಿ, ಒಂದೊಂದೇ ಡಬ್ಬವನ್ನು ಎತ್ತಿ ತಿರುಗಿಸಿ ಯಾವುದು ಸೊಟ್ಟಗಾಗಿಲ್ಲವೆಂದು ನೋಡುತ್ತಿದ್ದಾಗ ಹಿಂದೆ ಜೀಪು ನಿಂತಿತು. ಹತ್ತನೇ ತರಗತಿಯ ಹುಡುಗನೊಬ್ಬನ ತಂದೆ. ಬಹಳ ಹೊತ್ತು ನೋಡಿ, ದನಿ ತಗ್ಗಿಸಿ, “ಸಾರ್, ಖಾಲಿ ಡಬ್ಬ ಯಾಕೆ? ನಮ್ಮ ಮನೆಯಲ್ಲೇ ಮಾಡಿದ ವೈನಿದೆ, ಬನ್ನಿ. ಯಾರಿಗೂ ಹೇಳೋದಿಲ್ಲ” ಎಂದರು. ಮೋಟಾರಿನ ಲಂಬತೆಯ ವಿಷಯವನ್ನು ನಾನು ವಿವರಿಸಿದಷ್ಟೂ ಅವರ ಮುಖದಲ್ಲಿ ಕನಿಕರ ಹೆಚ್ಚುತ್ತ ಹೋಯಿತು.

ತಗಡಿನ ಎರಡು ತುಂಡು ಇಟ್ಟ ಮೇಲೆ ಗೇಜಿನ ಮುಳ್ಳು ಕದಲದೆ ನಿಂತಿತು. ಎರಡನೆಯ ಹಲಗೆ ಹಾಕಿದೆ. ಸೊನ್ನೆ ಕಂಪಾಸಿನಲ್ಲಿ ಎಳೆದಂತೆ ದುಂಡಗೆ ಬಂತು, ‘ಶಾ’ದ ಅಂಚುಗಳು ಬೆರಳಿಗೆ ತಾಗುವಷ್ಟು ಚೂಪಾಗಿದ್ದವು. ‘ನಿ’ ಮಾತ್ರ ಮೊದಲಿನಂತೆಯೇ ಮಾಯ. ಮೊದಲು ಅಸ್ಪಷ್ಟವಾಗಿ ‘ಶಾಂತಿ ಲಯ’ ಎಂದಿದ್ದ ಯಂತ್ರ ಈಗ ಅದನ್ನೇ ಯಾವ ಅನುಮಾನಕ್ಕೂ ಎಡೆಯಿಲ್ಲದಂತೆ ಹೇಳಿತು.

ಕೊನೆಗೆ ಪಕ್ಕದ ಬೀದಿಯ ಬಡಗಿ ಆಚಾರ್ರನ್ನು ಕರೆದೆ. ಅವರು ಸರಳು, ನಟ್ಟು, ಗೇಜು ಯಾವುದನ್ನೂ ನೋಡಲಿಲ್ಲ. ಉಕ್ಕಿನ ಅಡಿಪಟ್ಟಿಯನ್ನು ಹಾಸಿನ ಮೇಲೆ ಅದರದೇ ಅಂಚು ಊರಿ ನಿಲ್ಲಿಸಿ, ಹಿಂದೆ ಮೊಬೈಲಿನ ದೀಪ ಹಿಡಿದು, “ನಡುವೆ ಬೆಳಕು ಕಾಣ್ತದೆ ನೋಡಿ ಮಾಷ್ಟ್ರೇ. ನಿಮ್ಮ ಹಲಗೆ ನೀರು ಕುಡಿದಿದೆ” ಎಂದರು. ಅಲ್ಯೂಮಿನಿಯಂ ಹಾಸಿನ ಮೇಲೆ ನಾನು ಬಿಗಿದಿದ್ದದ್ದು ಎಂಡಿಎಫ್ ಹಲಗೆ. ಮರದ ನಾರನ್ನು ಒತ್ತಿ ಮಾಡಿದ ಆ ಹಲಗೆಯ ಕತ್ತರಿಸಿದ ಅಂಚುಗಳು ತೇವ ಹೀರಿ ಮೊದಲು ಊದಿಕೊಳ್ಳುತ್ತವೆ. ಬಟ್ಟೆಗೆ ಬೂಸ್ಟು ಹಿಡಿಯದಿರಲೆಂದು ಬೀರುವಿನೊಳಗೆ ಬಲ್ಬು ಉರಿಸುವ ಊರಿನಲ್ಲಿ, ಸೌದೆ ಕೊಟ್ಟಿಗೆಯ ಹಲಗೆಯ ಬಗ್ಗೆ ನಾನು ಒಂದು ಕ್ಷಣವೂ ಯೋಚಿಸಿರಲಿಲ್ಲ. ನಾಲ್ಕೂ ಅಂಚು ಎದ್ದು ನಡು ತಗ್ಗಿತ್ತು. ತೆಳು ಸಿಲ್ವರ್ ಓಕನ್ನು ನಾನೇ ನಡುವಿನಲ್ಲಿ ಕ್ಲಾಂಪ್ ಹಾಕಿ ಆ ತಗ್ಗಿಗೆ ಬಾಗಿಸಿದ್ದೆ. ಮೊನೆಯ ಎತ್ತರವನ್ನು ಅಂಚಿನಲ್ಲಿ ಕಾಗದ ಇಟ್ಟು ಹೊಂದಿಸಿದ್ದೆ. ಒಂದು ಮಿಲಿಮೀಟರ್ ಆಳ ಇಳಿಯಬೇಕಾದ ಮೊನೆ ನಡುವಿಗೆ ಬರುವ ಹೊತ್ತಿಗೆ ಮರವನ್ನು ಸವರಿಕೊಂಡು ಹೋಗುತ್ತಿತ್ತು.

ಗೇಜು ಇದನ್ನು ಏಕೆ ಹೇಳಲಿಲ್ಲ ಎಂದು ಆ ರಾತ್ರಿ ಯೋಚಿಸುತ್ತ ಮಲಗಿದಾಗ ನಿಜಕ್ಕೂ ನಾಚಿಕೆಯಾಯಿತು. ಗೇಜಿನ ತುದಿ ವೃತ್ತದ ಪರಿಧಿಯ ಮೇಲೆ ಸುತ್ತುತ್ತದೆ. ಕೇಂದ್ರವನ್ನು ಅದು ಮುಟ್ಟುವುದೇ ಇಲ್ಲ. ಊದಿದ ಅಂಚುಗಳನ್ನಷ್ಟೇ ತಡವಿ ‘ಎಲ್ಲ ಸಮ’ ಎಂದಿದ್ದ ಅದನ್ನು ನಂಬಿ, ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದವನಂತೆ, ನಾನು ಒಂದೂವರೆ ತಿಂಗಳು ಸರಳು ನಟ್ಟುಗಳಿಗೆ ಬರೆ ಎಳೆದಿದ್ದೆ.

ಮುಂದಿನದು ಬೇಗ ಆಯಿತು. ಹೊಸ ಎಂಡಿಎಫ್ ಹಲಗೆಯ ಅಂಚುಗಳಿಗೆ ವಾರ್ನಿಶ್ ಬಳಿದು, ಹಾಸಿನ ಮೇಲೆ ಬಿಗಿದು, ಅಗಲದ ಮೊನೆ ಹಾಕಿ ಯಂತ್ರದಿಂದಲೇ ಅದರ ಮೇಲ್ಮೈಯನ್ನು 0.3 ಮಿಲಿಮೀಟರಿನಂತೆ ಎರಡು ಸಲ ಕೆತ್ತಿಸಿದೆ. ನಡುವೆ ಎರಡು ಬಾರಿ ಕರೆಂಟು ಹೋದದ್ದನ್ನು ಇಲ್ಲಿ ಬರೆಯುವುದಿಲ್ಲ. ಮೂರನೆಯ ಫಲಕದಲ್ಲಿ ‘ನಿ’ ತನ್ನ ಗುಡಿಸಿನ ಸಮೇತ ಮೂಡಿತು.

ಅದನ್ನು ನೋಡಲು ಬಂದ ಆಚಾರ್ರು ಮೇಜಿಗೆ ಕೈಯೂರಿದರು. ಮೇಜು ಟಕ್ಕೆಂದು ಒಂದು ಕಡೆಗೆ ವಾಲಿತು. ಅವರು ಏನೂ ಹೇಳದೆ, ಕೆಟ್ಟ ಫಲಕವೊಂದನ್ನು ಎತ್ತಿಕೊಂಡು, ಉಳಿಯಿಂದ ‘ಲಯ’ದ ಕಡೆಯನ್ನು ಸೀಳಿ, ಚಕ್ಕೆಯನ್ನು ಮೇಜಿನ ಕಾಲಿನಡಿಗೆ ಬಡಿದು ಕೂರಿಸಿದರು. ಉಳಿದ ‘ಶಾಂತಿ’ಯನ್ನು ನನ್ನ ಕೈಗೆ ಕೊಟ್ಟು, “ಇದು ಇರಲಿ ಮಾಷ್ಟ್ರೇ, ಇನ್ನೂ ಮೂರು ಕಾಲಿದೆ” ಎಂದರು.